ಯಜಮಾನರ ಸಹಿ

ನಂಜನಗೂಡು
20-11-2023

ಪುಟ್ಟ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲ ಅಂತ ನೀನು ಹೇಳುವವರೆಗೂ ಕರೆಯುತ್ತೇನೆ.

ಹೋದ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನೇ ಎತ್ತಿದ್ದು. ನೀನು "ಯಾರು?" ಅಂತೀಯ, ನಾನು "ಚಂಪಕ" ಅಂತೀನಿ, ಅಷ್ಟಕ್ಕೇ ಕಟ್. ಮೊದಲ ಸಲ ಟವರ್ ತೊಂದರೆ ಅಂದುಕೊಂಡೆ. ಮೂರನೆಯ ಸಲಕ್ಕೆ ನನ್ನಂಥ ದಡ್ಡಿಗೂ ತಿಳಿಯಿತು. ಅದಕ್ಕೇ ಈ ಕಾಗದ. ಹರಿದು ಹಾಕುವುದಕ್ಕಾದರೂ ಒಂದು ಸಲ ಕೈಗೆ ತೆಗೆದುಕೊಳ್ಳಬೇಕಲ್ಲ, ನನಗೆ ಅಷ್ಟು ಸಾಕು.

ಹದಿನಾಲ್ಕನೇ ತಾರೀಕು ನರಸೀಪುರದ ಸಕ್ಕರೆ ಕಾಯಿಲೆ ಶಿಬಿರದಲ್ಲಿ ನಿನ್ನನ್ನು ನೋಡಿದೆ. ಗೇಟಿನಿಂದ ಹಾಲ್‌ವರೆಗೆ ಹೆಚ್ಚೆಂದರೆ ಅರವತ್ತು ಹೆಜ್ಜೆ. ನೀನು ಎರಡು ಕಡೆ ಕೂತೆ. ಒಂದು ಸಲ ಬೇವಿನ ಮರದ ಕಟ್ಟೆಯ ಮೇಲೆ, ಇನ್ನೊಂದು ಸಲ ಯಾರೋ ನಿಲ್ಲಿಸಿದ್ದ ಸ್ಕೂಟರಿನ ಮೇಲೆ. ಸ್ಕೂಲಿನಲ್ಲಿದ್ದಾಗ ಜಿಲ್ಲಾ ಫೈನಲ್ಲಿನಲ್ಲಿ ಮೈಸೂರಿನ ಒಂಬತ್ತು ಹುಡುಗಿಯರು ಏಳು ನಿಮಿಷ ಅಟ್ಟಾಡಿಸಿದರೂ ನಿನ್ನ ಲಂಗದ ಅಂಚು ಸಹ ಅವರ ಕೈಗೆ ಸಿಕ್ಕಿರಲಿಲ್ಲ. ಸೀಟಿ ಹೊಡೆದಾಗ ಅವರೆಲ್ಲ ನೆಲದ ಮೇಲೆ ಕೂತಿದ್ದರು, ನೀನು ಕಂಬ ಹಿಡಿದು ನಿಂತು ನಗುತ್ತಿದ್ದೆ. ಆ ಖೋ-ಖೋ ಪುಟ್ಟ ಇವಳೇನಾ ಅಂತ ನೋಡುತ್ತಿರುವಾಗಲೇ ನಿನ್ನ ಕಣ್ಣು ನನ್ನ ಮೇಲೆ ಬಿತ್ತು. ಸೆರಗು ಸರಿಮಾಡಿಕೊಂಡು, ರಕ್ತ ಪರೀಕ್ಷೆಯನ್ನೂ ಮಾಡಿಸದೆ ಹೋಗಿ ಆಟೋ ಹತ್ತಿದೆ. ನನ್ನನ್ನು ನೋಡಿ ಓಡಿಹೋಗುವುದಾದರೆ ಓಡಿಯಾದರೂ ಹೋಗಬಾರದಿತ್ತೇ, ನೀನು ಓಡುವುದನ್ನು ಇನ್ನೊಂದು ಸಲ ನೋಡುತ್ತಿದ್ದೆ.

ನಾನು ಮೇ ತಿಂಗಳಲ್ಲಿ ರಿಟೈರ್ ಆದೆ. ಮೂವತ್ತೇಳು ವರ್ಷ ಪಿ.ಟಿ. ಟೀಚರ್ ಆಗಿ ಸೀಟಿ ಊದಿದವಳಿಗೆ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ. ಮದುವೆ, ಮಕ್ಕಳು ಅಂತ ಏನೂ ಮಾಡಿಕೊಳ್ಳಲಿಲ್ಲ. ಆದ್ದರಿಂದ ಒಂದು ಹೊಸ ತಲೆನೋವು ಹಚ್ಚಿಕೊಂಡಿದ್ದೇನೆ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕು ಸೇರಿಸಿ ಒಂದು ನಡಿಗೆ ಒಕ್ಕೂಟ. ಸಕ್ಕರೆ, ಬಿ.ಪಿ. ಈಗ ಯಾರ ಮನೆಯಲ್ಲಿಲ್ಲ ಹೇಳು. ಡಾಕ್ಟರುಗಳು ನಡೀರಿ ನಡೀರಿ ಅಂತಾರೆ. ಎಲ್ಲಿ, ಯಾವಾಗ, ಯಾರ ಜೊತೆ ಅಂತ ಹೇಳುವುದಿಲ್ಲ. ಆ ಮೂರನ್ನು ಹೊಂದಿಸಿಕೊಡುವುದು ನಮ್ಮ ಕೆಲಸ. ದೇವಸ್ಥಾನದ ಬೀದಿಯ ಜಯತೀರ್ಥ ಅಂತ, ಬ್ಯಾಂಕಿನಲ್ಲಿದ್ದವರು, ಸೇರಿದ್ದಾರೆ. ಸುತ್ತೂರಿನ ಮೂವರು ಮೇಷ್ಟರು, ಹುಲ್ಲಹಳ್ಳಿ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು, ನಿಮ್ಮ ಕಡೆಯ ಆರೋಗ್ಯ ಕೇಂದ್ರದ ಡಾಕ್ಟರ್ ಹೇಮಂತ್ ಎಲ್ಲ ಇದ್ದಾರೆ.

ಕೆಂಪನಕೊಪ್ಪಲಿನ ಮಹಿಳಾ ಡೇರಿ ಅಧ್ಯಕ್ಷೆ ನೀನು ಅಂತ ಹೇಮಂತ್ ಹೇಳಿದಾಗ ನನಗೆ ನಗು, ಅಳು ಎರಡೂ ಬಂತು. ಡಿಸೆಂಬರ್ ಹತ್ತು, ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮೂರಿಗೆ ಬರುತ್ತೇವೆ. ನೀನು ಹೊರಟರೆ ಐವತ್ತು ಜನ ಹೊರಡುತ್ತಾರೆ. ಒಕ್ಕೂಟಕ್ಕೆ ಬೇಕಾಗಿರುವುದು ಆ ಐವತ್ತು ಜನ. ನನಗೆ ಬೇಕಾಗಿರುವುದು ನೀನು ನಡೆಯುವುದು. ನನ್ನ ಪಕ್ಕದಲ್ಲಿ ನಡೆದರೆ ಇನ್ನೇನೂ ಬೇಡ.

ಬರುತ್ತೀಯ ಅಂತ ನಂಬಿಕೊಂಡಿರುವ,
ಚಂಪಕ


ಕೆಂಪನಕೊಪ್ಪಲು
ತಿ. ನರಸೀಪುರ ತಾಲ್ಲೂಕು
16-12-2023

ಚಂಪಕ ಟೀಚರ್ ಅವರಿಗೆ ಪುಟ್ಟಬಸಮ್ಮ ತಿಳಿಸುವುದೇನೆಂದರೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ. ಹತ್ತನೇ ತಾರೀಕು ನಿಮ್ಮ ವ್ಯಾನೂ ಬಂತು. ಮೈಕಿನಲ್ಲಿ "ಅಕ್ಕತಂಗಿಯರೇ, ಕೈ ಬೀಸಿ ನಡೆಯೋಣ" ಅಂತ ಕೂಗಿದ್ದನ್ನು ನಾವೆಲ್ಲ ಡೇರಿಯಲ್ಲಿ ನಿಂತು ಕೇಳಿದೆವು. ಬೆಳಿಗ್ಗೆ ಆರು ಗಂಟೆ ಹಾಲು ಹಾಕುವ ಹೊತ್ತು. ಆರೂಮುಕ್ಕಾಲಿಗೆ ಹಾಲಿನ ಲಾರಿ ಹೊರಟುಬಿಡುತ್ತದೆ. ಆ ಹೊತ್ತಿಗೆ ಈ ಊರಿನಲ್ಲಿ ಸ್ಕೂಲ್ ಮೈದಾನಕ್ಕೆ ಬರುವ ಹೆಂಗಸು ಅಂದರೆ ಒಂದೋ ಅವಳ ಹಸು ಬತ್ತಿರಬೇಕು, ಇಲ್ಲ ಸತ್ತಿರಬೇಕು. ನಿಮ್ಮ ಒಕ್ಕೂಟದಲ್ಲಿ ಅಷ್ಟು ಜನ ಓದಿದವರಿದ್ದೀರಿ, ಹಸು ಕಟ್ಟಿದವರು ಒಬ್ಬರೂ ಇಲ್ಲ ಅಂತ ಕಾಣುತ್ತದೆ.

ಕೊನೆಗೆ ಮೂವರು ಗಂಡಸರು, ನೀವು, ಡಾಕ್ಟರು ಸುತ್ತು ಹಾಕಿದಿರಿ. ನಿಮ್ಮ ಬಿಳಿ ಶೂ ಕಿಟಕಿಯಿಂದ ಕಾಣುತ್ತಿತ್ತು. ನಾನು ಬಂದು ಮಾತಾಡಿಸಲಿಲ್ಲ, ಯಾಕೆಂದರೆ ಸಾಲಿನಲ್ಲಿ ಐವತ್ತೆಂಟು ಕ್ಯಾನುಗಳಿದ್ದವು. ಕ್ಯಾನು ಇಲ್ಲದಿದ್ದರೂ ಬರುತ್ತಿರಲಿಲ್ಲ.

ಇನ್ನೊಂದು ಸಂಗತಿ. ಕೈ ಬೀಸಿ ನಡೆಯುವುದು ನಂಜನಗೂಡಿಗೆ ಸರಿ. ಅಲ್ಲಿ ದೇವಸ್ಥಾನದ ಸುತ್ತ ಇಪ್ಪತ್ತು ಸಲ ತಿರುಗಿದರೂ ಪ್ರದಕ್ಷಿಣೆ ಅಂತಾರೆ, ಯಾರೂ ಕೇಳಲ್ಲ. ಇಲ್ಲಿ ಕೈಯಲ್ಲಿ ಏನೂ ಹಿಡಿಯದೆ ಒಬ್ಬ ಹೆಂಗಸು ರಸ್ತೆಗೆ ಬಂದರೆ ಮೊದಲ ಮನೆಯವರು "ಎತ್ಲಾಗ್ ಒಂಟೆ?" ಅಂತಾರೆ, ಎರಡನೇ ಮನೆಯವರೂ ಕೇಳುತ್ತಾರೆ, ಮೂರನೇ ಮನೆಯವರು ಕೇಳುವುದಿಲ್ಲ, ಅವರೇ ಹೇಳಿಕೊಂಡು ಬರುತ್ತಾರೆ. ಕೈಯಲ್ಲಿ ಹುಲ್ಲಿನ ಹೊರೆಯೋ ಕ್ಯಾನೋ ಇದ್ದರೆ ಮಾತ್ರ ಅದು ಕೆಲಸ. ಸಾಯಂಕಾಲ ಐದೂಮುಕ್ಕಾಲಿಗೆ ಹಾಲು ಹಾಕಿ ಆದ ಮೇಲೆ ಒಲೆ ಹಚ್ಚುವವರೆಗೆ ಎಲ್ಲರಿಗೂ ಅರ್ಧ ಗಂಟೆ ಬಿಡುವಿರುತ್ತದೆ, ಖಾಲಿ ಕ್ಯಾನೂ ಕೈಯಲ್ಲಿರುತ್ತದೆ. ನಾಲೆ ಏರಿಯ ಮೇಲೆ ಹೋಗಿಬರಬಹುದು. ಇದು ಸಂಘದ ಅಧ್ಯಕ್ಷೆಯಾಗಿ ಹೇಳುತ್ತಿರುವ ಮಾತು.

ನನ್ನ ಕಾಲಿನ ಚಿಂತೆ ನಿಮಗೆ ಬೇಡ.

ಇಂತಿ,
ಪುಟ್ಟಬಸಮ್ಮ
ಅಧ್ಯಕ್ಷೆ, ಮಹಿಳಾ ಹಾಲು ಉತ್ಪಾದಕರ ಸಂಘ


ನಂಜನಗೂಡು
24-12-2023

ಅಧ್ಯಕ್ಷೆಯವರಿಗೆ ಟೀಚರ್ ಮಾಡುವ ಸೆಲ್ಯೂಟ್!

ಪುಟ್ಟ, ನಿನ್ನ ಕಾಗದವನ್ನು ಒಕ್ಕೂಟದ ಸಭೆಯಲ್ಲಿ ಎದ್ದು ನಿಂತು ಓದಿದೆ. ಹಸು ಬತ್ತಿರಬೇಕು ಇಲ್ಲ ಸತ್ತಿರಬೇಕು ಅನ್ನುವಲ್ಲಿಗೆ ಬಂದಾಗ ಹುಲ್ಲಹಳ್ಳಿ ಹೆಂಗಸರು ನಕ್ಕು ನಕ್ಕು ಬೆಂಚು ಬಡಿದರು. ನಮ್ಮ ಸಭೆ ಹೇಗಿರುತ್ತದೆ ಅಂತ ನೀನು ನೋಡಬೇಕು. ಜಯತೀರ್ಥರಿಗೆ ನಡಿಗೆಯ ಜೊತೆ ಭಜನೆ ಬೇಕು. ಸುತ್ತೂರಿನ ಮೇಷ್ಟರಿಗೆ ಮೊದಲು ಹತ್ತು ನಿಮಿಷ ಯೋಗ ಆಗಬೇಕು. ಹೇಮಂತ್‌ಗೆ ಪ್ರತಿಯೊಬ್ಬರದೂ ಚಾರ್ಟ್ ಬೇಕು. ಹುಲ್ಲಹಳ್ಳಿಯವರದು ಒಂದೇ ಮಾತು, "ಸಂತೆ ದಿನ ನಮ್ಮುನ್ನ ಕರೀಬ್ಯಾಡಿ". ಇವರನ್ನೆಲ್ಲ ಒಂದು ಕಡೆಗೆ ತಿರುಗಿಸುವುದಕ್ಕಿಂತ ಒಂಬತ್ತನೇ ಕ್ಲಾಸಿನ ಎಪ್ಪತ್ತು ಹುಡುಗಿಯರನ್ನು ಡ್ರಿಲ್‌ಗೆ ನಿಲ್ಲಿಸುವುದು ಸುಲಭ. ಆದರೆ ಖಾಲಿ ಕ್ಯಾನಿನ ನಡಿಗೆಗೆ ಎಲ್ಲರೂ ಒಂದೇ ಬಾರಿಗೆ ಕೈ ಎತ್ತಿದರು. ಪಂಚಾಯಿತಿಯವರ ಹತ್ತಿರ ಮಾತಾಡಿ ನಾಲೆ ಏರಿಗೆ ಎರಡು ದೀಪ ಹಾಕಿಸುವ ಕೆಲಸವನ್ನು ಹೇಮಂತ್ ವಹಿಸಿಕೊಂಡಿದ್ದಾರೆ. ಜನವರಿ ಒಂದಕ್ಕೆ ಶುರು ಮಾಡಿ.

ಇದರ ಜೊತೆ ಅರವತ್ತು ಸದಸ್ಯತ್ವದ ಫಾರಂ ಕಳಿಸಿದ್ದೇನೆ. ನಾನೇ ಬರೆದು ಅಚ್ಚು ಹಾಕಿಸಿದ್ದು. ಎಲ್ಲರ ಕೈಯಲ್ಲೂ ತುಂಬಿಸಿ ಕಳಿಸು.

ನೀನು ನನ್ನನ್ನು ನೀವು ಅಂದದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ. ಟೀಚರ್ ಅಂತ ಸಾವಿರ ಜನ ಕರೆದಿದ್ದಾರೆ, ಅವರೆಲ್ಲ ಕರೆಯಲಿ. ನೀನು ಒಂದು ಸಲ ಚಂಪಿ ಅಂತ ಬರೆ. ಬೈದು ಬರೆದರೂ ಸರಿ.

ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿರುವ,
ಚಂಪಿ


ಕೆಂಪನಕೊಪ್ಪಲು
9-1-2024

ಚಂಪಕ ಟೀಚರ್,

ಅರವತ್ತು ಫಾರಂ ವಾಪಸು ಕಳಿಸಿದ್ದೇನೆ. ಎಣಿಸಿಕೊಳ್ಳಿ.

ಜನವರಿ ಒಂದಕ್ಕೆ ಮೂವತ್ತನಾಲ್ಕು ಜನ ಕ್ಯಾನು ಹಿಡಿದು ನಾಲೆ ಏರಿಗೆ ಹೊರಟೆವು. ನಾನೂ ಹೋದೆ. ಮೊದಲ ತೂಬಿನವರೆಗೆ ಹೋಗಿ ಕೂತೆ, ಅವರೆಲ್ಲ ಮುಂದೆ ಹೋಗಿ ಬಂದರು. ಐದು ದಿನ ಚೆನ್ನಾಗಿ ನಡೆಯಿತು. ಯಾರೂ ಏನೂ ಕೇಳಲಿಲ್ಲ. ಆರನೇ ದಿನ ನಿಮ್ಮ ಫಾರಂ ಹಂಚಿದೆ. ಅದರ ಕೊನೆಯಲ್ಲಿ "ಮನೆಯ ಯಜಮಾನರ ಸಹಿ" ಅಂತ ಒಂದು ಕಾಲಂ ಇದೆಯಲ್ಲ, ಹಂಚುವ ಮೊದಲು ನಾನು ಅದನ್ನು ನೋಡಿರಲಿಲ್ಲ.

ನಮ್ಮ ಸಂಘದ ವೆಂಕಟಮ್ಮ ನಕ್ಕಳು. "ನಮ್ ಯಜಮಾನ ಗ್ವಾಡೆ ಮ್ಯಾಲೆ ಫೋಟೋದಲ್ಲವ್ನೆ, ಅವನ್ ಕೈಲಿ ಎಂಗಕ್ಕ ಸಹಿ ಆಕ್ಸನ?" ಅಂದಳು. ನನ್ನ ಗಂಡ ಮಾದಯ್ಯನೂ ನಕ್ಕ. "ನಿನ್ ಕಾಲ ನೀ ಎತ್ತಿ ಆಕಕ್ಕೆ ನನ್ ಸಹಿ ಯಾಕಮ್ಮಿ?" ಅಂದ. ಉಳಿದ ಮನೆಗಳಲ್ಲಿ ನಗಲಿಲ್ಲ. ಅಲ್ಲಿಯವರೆಗೂ ಹೆಂಡತಿ ಎಲ್ಲಿ ಹೋಗುತ್ತಾಳೆ ಅಂತ ತಲೆ ಕೆಡಿಸಿಕೊಳ್ಳದಿದ್ದ ಗಂಡಸರೆಲ್ಲ ಫಾರಂ ಹಿಡಿದು ಕೂತರು. "ಸಹಿ ಕೇಳವ್ರೆ ಅಂದ್ರೆ ಅದ್ರಾಗೆ ಏನೋ ಐತೆ" ಅಂದರು. ಸಾಲದ ಕಾಗದ ಅಂದ ಒಬ್ಬ. ನಾಳೆ ಮೈಸೂರಿಗೆ ಕರಕೊಂಡು ಹೋಗ್ತಾರೆ ಅಂದ ಇನ್ನೊಬ್ಬ. ಮರುದಿನ ಹಾಲು ಹಾಕಿ ಹತ್ತೊಂಬತ್ತು ಹೆಂಗಸರು ನೆಟ್ಟಗೆ ಮನೆಗೆ ಹೋದರು.

ಅವರಿಗೆಲ್ಲ ಐವತ್ತು, ಅರವತ್ತು ವಯಸ್ಸು. ದನ ಕೊಳ್ಳುತ್ತಾರೆ, ಮಾರುತ್ತಾರೆ, ಹೆರಿಗೆ ಮಾಡಿಸುತ್ತಾರೆ. ನಡೆಯುವುದಕ್ಕೆ ಸಹಿ ಬೇಕಂತೆ. ಇನ್ನು ಯಾರಾದರೂ ಈ ಕಾಲಂ ಹಾಕಿದ್ದರೆ ತಿಳಿಯದವರು ಅನ್ನುತ್ತಿದ್ದೆ. ನೀನು ಹಾಕಿದೆಯಲ್ಲೇ. ನೀನು!

ಒಂದು ಸಹಿಗೆ ನಾನು ಒಂದು ದಿನವೆಲ್ಲ ಕಾದದ್ದು ಮರೆತುಹೋಯಿತಾ ನಿನಗೆ? ರಾಜ್ಯ ಮಟ್ಟದ ಪಂದ್ಯಕ್ಕೆ ಹನ್ನೆರಡು ಜನರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ತಂದೆಯ ಸಹಿ ಇಲ್ಲದೆ ಕಳಿಸುವುದಿಲ್ಲ ಅಂದಿದ್ದರು. ನಮ್ಮಪ್ಪ "ಎಣ್ಣುಡುಗಿ ದಾವಣಗೆರೆವರ್ಗೂ ಓಡಕ್ಕೋಯ್ತಾಳಾ" ಅಂತ ಕಾಗದವನ್ನು ಮುಟ್ಟಲೂ ಇಲ್ಲ. ನಿಮ್ಮಪ್ಪ ಶಂಕರನಾರಾಯಣ ಮೇಷ್ಟರ ಮಾತು ಒಂದನ್ನು ಮಾತ್ರ ಅವನು ತೆಗೆದುಹಾಕುತ್ತಿರಲಿಲ್ಲ. "ಭಾನುವಾರ ಅಪ್ಪನ್ನ ಕರಕೊಂಡು ಬರ್ತೀನಿ ಕಣೇ, ಸಹಿ ಹಾಕಿಸೇ ಏಳೋದು" ಅಂದವಳು ನೀನು. ಬೆಳಿಗ್ಗೆ ಒಂಬತ್ತರಿಂದ ಸಾಯಂಕಾಲದವರೆಗೆ ಜಗಲಿ ಮೇಲೆ ಕೂತಿದ್ದೆ. ಮೇಷ್ಟರು ಕೂರಲಿ ಅಂತ ಅವ್ವನ ಮದುವೆ ಚಾಪೆ ಹಾಸಿದ್ದೆ. ಸೋಮವಾರ ನಿನಗೆ ಜ್ವರ ಅಂತ ಚೀಟಿ ಬಂತು.

ಇರಲಿ. ಈಗ ಈ ಹತ್ತೊಂಬತ್ತು ಜನರನ್ನು ಹೇಗೆ ವಾಪಸು ಕರೆತರುವುದು ಅಂತ ನಿಮ್ಮ ಒಕ್ಕೂಟ ಹೇಳಲಿ.

ಪುಟ್ಟಬಸಮ್ಮ


ನಂಜನಗೂಡು
15-1-2024

ಪುಟ್ಟ,

ಇವತ್ತು ಸಂಕ್ರಾಂತಿ. ಎಳ್ಳು ಬೀರಲು ಬಂದ ಮಕ್ಕಳನ್ನು ಬಾಗಿಲಲ್ಲೇ ಕಳಿಸಿ ಇದನ್ನು ಬರೆಯುತ್ತಿದ್ದೇನೆ. ನಾಳೆಗೆ ಇಟ್ಟರೆ ಬರೆಯುವುದಿಲ್ಲ ಅಂತ ಗೊತ್ತು. ಇದನ್ನು ನಾಳೆಗೆ ಇಡುತ್ತಲೇ ನನಗೆ ಅರವತ್ತಾಯಿತು.

ನನಗೆ ಜ್ವರ ಬಂದಿರಲಿಲ್ಲ.

ಪಟ್ಟಿಯಲ್ಲಿ ನೀನು ಹನ್ನೆರಡರಲ್ಲಿ ಒಬ್ಬಳು, ನಾನು ಸ್ಟ್ಯಾಂಡ್‌ಬೈ. ಯಾರಾದರೂ ಬರದಿದ್ದರೆ ನಾನು ಹೋಗಬೇಕು. ಅದು ನಿನಗೂ ಗೊತ್ತಿತ್ತು, ಆದರೂ ನನ್ನನ್ನೇ ನಂಬಿದೆ. ನಾನು ಅಪ್ಪನಿಗೆ ವಿಷಯವನ್ನೇ ಹೇಳಲಿಲ್ಲ. ಹೇಳಿದ್ದರೆ ಅವರು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದರು, ಅದಕ್ಕೇ ಹೇಳಲಿಲ್ಲ. ಆ ಭಾನುವಾರ ನೀನು ಚಾಪೆ ಹಾಸಿಕೊಂಡು ಕೂತಿದ್ದಾಗ ನಾನು ನರಸೀಪುರದ ನಮ್ಮ ಸ್ಕೂಲ್ ಮೈದಾನದಲ್ಲಿ ಒಬ್ಬಳೇ ಕಂಬದಿಂದ ಕಂಬಕ್ಕೆ ಓಡುತ್ತಿದ್ದೆ. ಹೊತ್ತು ಮುಳುಗುವವರೆಗೂ ಓಡಿದೆ. ಮನಸ್ಸಿನಲ್ಲಿ ಒಂದೇ ಲೆಕ್ಕ, ಇವತ್ತು ಕಳೆದರೆ ಜಾಗ ನನ್ನದು.

ಸಿಕ್ಕಿತು. ದಾವಣಗೆರೆಯಲ್ಲಿ ಒಂದು ನಿಮಿಷ ಆಗುವ ಮೊದಲೇ ಔಟಾದೆ. ಆದರೂ ಸರ್ಟಿಫಿಕೇಟ್ ಕೊಟ್ಟರು. ಆ ಸರ್ಟಿಫಿಕೇಟಿನಿಂದ ಕ್ರೀಡಾ ಕೋಟಾದಲ್ಲಿ ಕೋರ್ಸಿಗೆ ಸೀಟು, ಅದರಿಂದ ಕೆಲಸ, ಅದರಿಂದ ಈಗ ಪೆನ್ಷನ್. ನಾನು ಉಣ್ಣುತ್ತಿರುವ ತಟ್ಟೆ ನಿನ್ನದು ಪುಟ್ಟ. ನಿನ್ನ ಮದುವೆಗೆ ಕರೆಯೋಲೆ ಬಂದಾಗ ಅಪ್ಪನಿಗೆ ನಂಜನಗೂಡಿಗೆ ವರ್ಗವಾಗಿತ್ತು. ದೂರ ಅಂತ ಮನೆಯಲ್ಲಿ ಹೇಳಿದೆ. ದೂರವೂ ಇರಲಿಲ್ಲ, ಏನೂ ಇರಲಿಲ್ಲ. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ.

ಕಾಲಂ ಯಾಕೆ ಹಾಕಿದೆ ಅಂತ ಕೇಳಿದೆಯಲ್ಲ. ಮೂವತ್ತೇಳು ವರ್ಷ ಹುಡುಗಿಯರನ್ನು ಆಟಕ್ಕೆ ಕರೆದುಕೊಂಡು ಹೋಗಿದ್ದೇನೆ. ಅಪ್ಪ ಸಹಿ ಹಾಕಲ್ಲ ಅಂದರೆ ಆ ಮನೆಗೆ ನಾನೇ ಹೋಗುತ್ತಿದ್ದೆ. ಜಗಲಿ ಮೇಲೆ ಕೂತು, ಬೈದರೂ ಏಳದೆ, ಸಹಿ ಹಾಕಿಸಿಕೊಂಡೇ ಬರುತ್ತಿದ್ದೆ. ಭಾನುವಾರವೆಲ್ಲ ಅದೇ ಕೆಲಸ. ಚಂಪಕ ಟೀಚರ್‌ಗೆ ಹುಚ್ಚು ಅನ್ನುತ್ತಿದ್ದರು. ನಿನ್ನ ಮನೆಯೊಂದಕ್ಕೆ ಹೋಗದವಳು ಊರವರ ಮನೆಗಳಿಗೆಲ್ಲ ಹೋದೆ. ಫಾರಂ ಬರೆಯಲು ಕೂತಾಗ ಕೊನೆಯ ಕಾಲಂ ಕೈ ತಾನೇ ಬರೆಯಿತು. ಹುಡುಗಿಯರ ಫಾರಂ ಅಲ್ಲ, ಇವರು ಅಜ್ಜಿಯರು ಅಂತ ಹೊಳೆಯಲೇ ಇಲ್ಲ.

ನಿನ್ನೆ ಸಭೆಯಲ್ಲಿ ತಪ್ಪು ನನ್ನದು ಅಂತ ಹೇಳಿ ಹತ್ತು ಊರಿನ ಫಾರಂಗಳನ್ನೂ ವಾಪಸು ತರಿಸಿದೆ. ಹುಲ್ಲಹಳ್ಳಿಯವರು ಯಜಮಾನರ ಸಹಿ ಅಂತ ಇರುವ ಕಡೆ ತಮ್ಮ ತಮ್ಮ ಹೆಸರನ್ನೇ ಬರೆದು ಕಳಿಸಿದ್ದಾರೆ. ಅವರಿಗಿದ್ದ ಬುದ್ಧಿ ನನಗಿರಲಿಲ್ಲ. ನಿಮ್ಮೂರಿನ ಹತ್ತೊಂಬತ್ತು ಮನೆಗೂ ಹೇಮಂತ್ ಹೋಗಿ ಮಾತಾಡುತ್ತಾರೆ. ನಾನು ಬರುವುದಿಲ್ಲ, ನೀನು ಕರೆಯದೆ ನಿಮ್ಮೂರಿಗೆ ಇನ್ನು ಬರುವುದಿಲ್ಲ.

ಕ್ಷಮಿಸು ಅಂತ ಕೇಳಲು ನಾಚಿಕೆಯಾಗುತ್ತದೆ. ಕೇಳುತ್ತಿದ್ದೇನೆ.

ಚಂಪಕ


ನಂಜನಗೂಡು
22-3-2024

ಪುಟ್ಟ,

ಎರಡು ತಿಂಗಳಾಯಿತು. ಉತ್ತರ ಬೇಕು ಅಂತ ಬರೆಯುತ್ತಿಲ್ಲ.

ಹೊಸ ಫಾರಂ ಇಟ್ಟಿದ್ದೇನೆ. ಹೆಸರು, ಊರು, ಯಾವ ಹೊತ್ತಿಗೆ ಬಿಡುವು, ಯಾರ ಜೊತೆ ನಡೆಯಲು ಇಷ್ಟ, ಇಷ್ಟೇ. ಕೊನೆಯ ಪ್ರಶ್ನೆಗೆ ಜನ ಏನೇನು ಬರೆಯುತ್ತಾರೆ ಅಂತೀಯ. "ಸೊಸೆ ಬಿಟ್ಟು ಯಾರಾದರೂ ಸರಿ" ಅಂತ ಸುತ್ತೂರಿನ ಕಡೆಯ ಅಜ್ಜಿಯೊಬ್ಬರು ಬರೆಸಿದ್ದಾರೆ. ನಮ್ಮ ಜಯತೀರ್ಥರು "ಭಗವಂತ" ಅಂತ ಬರೆದರು, ಹೇಮಂತ್ ಅದನ್ನು ಒಪ್ಪಲಿಲ್ಲ. ನಾನೂ ಒಂದು ತುಂಬಿದೆ. ನಿನ್ನ ಹೆಸರು ಬರೆದು, ಆಮೇಲೆ ಸರಿಯಲ್ಲ ಅನ್ನಿಸಿ ಹೊಡೆದುಹಾಕಿದೆ.

ದಿನಾ ಸಾಯಂಕಾಲ ದೇವಸ್ಥಾನದ ಸುತ್ತ ಇಪ್ಪತ್ತು ಸುತ್ತು ಬರುತ್ತೇನೆ. ಸುತ್ತಲೂ ಜನ ಇರುತ್ತಾರೆ, ನಮಸ್ತೆ ಟೀಚರ್ ಅಂತಾರೆ. ಐದೂಮುಕ್ಕಾಲು ಆದಾಗ ಮಾತ್ರ ಪುಟ್ಟ ಈಗ ಹಾಲು ಹಾಕಿರುತ್ತಾಳೆ, ನಡೆಯುತ್ತಿದ್ದಾಳೋ ಇಲ್ಲವೋ ಅಂತ ಅನ್ನಿಸಿ ಸುತ್ತಿನ ಲೆಕ್ಕ ತಪ್ಪುತ್ತದೆ. ಹೇಮಂತ್‌ನನ್ನು ಕೇಳಿದರೆ "ಪೇಷೆಂಟ್ ವಿಷಯ ಹೇಳೋಹಾಗಿಲ್ಲ ಮೇಡಂ" ಅಂತಾನೆ. ಒಳ್ಳೆ ಹುಡುಗ. ಅವನ ಕಿವಿ ಹಿಂಡಬೇಕು ಅನ್ನಿಸುತ್ತದೆ.

ನಿನ್ನನ್ನು ನೆನೆಯದ ದಿನ ಈ ನಲವತ್ತೈದು ವರ್ಷದಲ್ಲಿ ಇತ್ತೇನೋ, ನನಗೆ ನೆನಪಿಲ್ಲ. ನನ್ನ ಮೇಲಿನ ಸಿಟ್ಟಿಗೆ ನಡಿಗೆ ಬಿಡಬೇಡ. ಸಿಟ್ಟೂ ಇರಲಿ, ನಡಿಗೆಯೂ ಇರಲಿ.

ಚಂಪಕ


ಕೆಂಪನಕೊಪ್ಪಲು
3-4-2024

ಚಂಪಿ,

ನಿನ್ನ ಎರಡು ಕಾಗದವೂ ಬಂದಿವೆ. ಸಿಟ್ಟಿಗೆ ಉತ್ತರ ಬರೆಯಲಿಲ್ಲ.

ನೀನು ಬರೆದದ್ದು ನನಗೆ ಗೊತ್ತಿತ್ತು. ಅವತ್ತು ಸಾಯಂಕಾಲವೇ ಗೊತ್ತಾಗಿತ್ತು. ನಮ್ಮ ಅಣ್ಣ ಕಲ್ಲಯ್ಯ ಬೆಲ್ಲ ಹಾಕಲು ನರಸೀಪುರಕ್ಕೆ ಹೋಗಿದ್ದವನು ನಿನ್ನನ್ನು ಮೈದಾನದಲ್ಲಿ ನೋಡಿದ್ದ. "ನಿನ್ ಗೆಣತಿ ಒಬ್ಳೇ ಓಡ್ತಾವ್ಳೆ ಕಣಮ್ಮಿ, ದೆವ್ವ ಮೆಟ್ಟದಂಗೆ" ಅಂತ ಬಂದು ಹೇಳಿದ. ನಾನು ಚಾಪೆ ಸುತ್ತಿ ಒಳಗಿಟ್ಟೆ. ಮರುದಿನ ಜ್ವರದ ಚೀಟಿ ಬಂದಾಗ ಅವ್ವನ ಮುಂದೆ "ಪಾಪ" ಅಂದೆ. ನಿನ್ನ ಸುಳ್ಳಿಗೆ ನನ್ನದೂ ಒಂದು ಸೇರಿಸಿದೆ.

ಗೊತ್ತಿದ್ದ ಸಂಗತಿಗೆ ಈಗ ಎರಡು ತಿಂಗಳು ಯಾಕೆ ಸಿಟ್ಟು ಅಂತ ಕೇಳು. ಇಷ್ಟು ಸುಲಭದ ನಾಲ್ಕು ಸಾಲು ಬರೆಯಲು ನಿನಗೆ ಇಷ್ಟು ವರ್ಷ ಬೇಕಾಯಿತಲ್ಲ ಅಂತ ಸಿಟ್ಟು. ಜಾಗ ಹೋದದ್ದಕ್ಕೆ ನಾನು ಒಂದು ವರ್ಷ ಅತ್ತೆ. ಆಮೇಲೆ ಮದುವೆ, ಮಕ್ಕಳು, ದನ, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ನೀನು ಹೋದದ್ದು ಮಾತ್ರ ಹಾಗೇ ಉಳಿಯಿತು. ಹಸೆ ಮೇಲೆ ಕೂತಾಗಲೂ ಬಾಗಿಲ ಕಡೆಯೇ ನೋಡುತ್ತಿದ್ದೆ. ಮೊದಲನೇ ಬಾಣಂತನದಲ್ಲಿ ಬರುತ್ತೀಯ ಅಂದುಕೊಂಡೆ. ಅವ್ವ ಸತ್ತಾಗ ಅಂದುಕೊಂಡೆ.

ಕೇಳಿದ್ದರೆ ಜಾಗ ಬಿಟ್ಟುಕೊಡುತ್ತಿದ್ದೆ ಅಂತ ಸುಳ್ಳು ಹೇಳುವುದಿಲ್ಲ. ಕೊಡುತ್ತಿರಲಿಲ್ಲ. ನಿನ್ನ ಜಡೆ ಹಿಡಿದು ಜಗಳ ಆಡುತ್ತಿದ್ದೆ. ಆಡಿ, ಮಾರನೇ ದಿನ ಇಬ್ಬರೂ ಒಟ್ಟಿಗೇ ಸ್ಕೂಲಿಗೆ ಹೋಗುತ್ತಿದ್ದೆವು. ಆ ಜಗಳವನ್ನು ನೀನು ನನಗೆ ಆಡಲು ಬಿಡಲಿಲ್ಲ.

ಹೇಮಂತ್ ಡಾಕ್ಟರು ಮನೆಮನೆಗೆ ಬಂದರು. ಆದರೆ ಕೆಲಸ ಆದದ್ದು ಅವರಿಂದಲ್ಲ, ವೆಂಕಟಮ್ಮನಿಂದ. "ಸಹಿ ಬ್ಯಾಡ್ವಂತೆ, ವಜಾ ಆಯ್ತಂತೆ" ಅಂತ ಊರೆಲ್ಲ ಸಾರಿ ಬಂದಳು. ಈಗ ನಲವತ್ತೊಂದು ಜನ. ಹೋದ ವಾರದಿಂದ ಕ್ಯಾನುಗಳನ್ನು ಡೇರಿಯಲ್ಲೇ ಬಿಟ್ಟು ಬರೀಗೈಯಲ್ಲಿ ಹೋಗುತ್ತಿದ್ದೇವೆ. ಮೊದಲ ದಿನ ಇಬ್ಬರು ಕೇಳಿದರು. "ನಡಿಯಕ್ಕೆ" ಅಂದೆವು. ಆಮೇಲೆ ಯಾರೂ ಕೇಳಲಿಲ್ಲ. ನನ್ನ ಸಕ್ಕರೆ ಇನ್ನೂರ ಎಂಬತ್ತಾರು ಇದ್ದದ್ದು ನೂರ ಎಂಬತ್ತಕ್ಕೆ ಇಳಿದಿದೆ, ಡಾಕ್ಟರು ಹೇಳದಿದ್ದರೆ ನಾನೇ ಹೇಳುತ್ತೇನೆ. ಆದರೆ ಎಡಪಾದಕ್ಕೆ ನೆಲ ಸರಿಯಾಗಿ ತಿಳಿಯುವುದಿಲ್ಲ. ಎರಡನೇ ತೂಬಿನವರೆಗೆ ಹೋಗಿ ಕೂತುಬಿಡುತ್ತೇನೆ. ಮುಂದೆ ಹೋಗಲು ಹೆದರಿಕೆ. ಅವರೆಲ್ಲ ಮಾತಾಡಿಕೊಂಡು ಮುಂದೆ ಹೋದಾಗ ಅಲ್ಲಿ ಒಬ್ಬಳೇ ಕೂತಿರುವುದು ಬೇಸರ.

ಹದಿನಾಲ್ಕನೇ ತಾರೀಕು ಬಾ. ಕ್ಷಮಿಸಿದ್ದೇನೆ ಅಂತ ಕರೆಯುತ್ತಿಲ್ಲ, ಅದು ನನಗೇ ಗೊತ್ತಿಲ್ಲ. ನನಗೆ ಜೊತೆ ಬೇಕು, ಅದಕ್ಕೆ ಕರೆಯುತ್ತಿದ್ದೇನೆ.

ಪುಟ್ಟ


ಕೆಂಪನಕೊಪ್ಪಲು
15-4-2024

ಚಂಪಿ,

ನಿನ್ನೆ ನೀನು ಬಸ್ಸು ಹತ್ತಿದ ಮೇಲೆ ಹೇಳಬೇಕಾದದ್ದೆಲ್ಲ ನೆನಪಾಯಿತು. ನೀನಿದ್ದಾಗ ಬರೀ ಹಿಮ್ಮಡಿ ಊರು, ಹೆಬ್ಬೆರಳು ಒತ್ತು, ಉಸಿರು ಬಿಡು ಅಂತ ನಿನ್ನದೇ ಗಲಾಟೆ. ಅರವತ್ತಾದರೂ ಬಾಯಿ ಹಾಗೇ ಇದೆ. ನಾಲೆ ಏರಿಯ ಮೇಲೆ ನಮ್ಮ ಹೆಂಗಸರನ್ನೆಲ್ಲ ಸಾಲು ನಿಲ್ಲಿಸಿ ಡ್ರಿಲ್ ಮಾಡಿಸಿದೆಯಲ್ಲ, ಇವತ್ತು ಹಾಲು ಹಾಕುವಾಗಲೂ ಅವರು "ವನ್ ಟೂ" ಅಂದುಕೊಂಡು ನಗುತ್ತಿದ್ದರು.

ಮೂರನೇ ತೂಬಿನವರೆಗೆ ಹೋದದ್ದು ನನಗೆ ತಿಳಿಯಲೇ ಇಲ್ಲ. ನೀನು ಎಡಗಡೆ ಇದ್ದೆ, ಕಾಲಿಗೆ ನೆಲ ಸಿಗದಿದ್ದಾಗ ನಿನ್ನ ಭುಜ ಸಿಕ್ಕಿತು. ಆ ಭಾನುವಾರದ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾತಾಡಬೇಕು ಒಂದು ದಿನ. ಜಗಳವೂ ಬಾಕಿ ಇದೆ, ಬಿಡುವುದಿಲ್ಲ. ಆದರೆ ನಿನ್ನೆ ಬೇಡವಾಗಿತ್ತು. ನಿನ್ನೆ ನಡೆದರೆ ಸಾಕಾಗಿತ್ತು. ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ನಡೆಯುವಾಗ ಗೊತ್ತಾಯಿತು.

ಇವತ್ತು ನೀನಿಲ್ಲದೆ ಎರಡನೇ ತೂಬಿನವರೆಗೇ ಹೋಗಿ ಕೂತೆ. ವೆಂಕಟಮ್ಮ ಬಂದು ಪಕ್ಕದಲ್ಲಿ ಕೂತಳು.

"ಯಾರಕ್ಕ ನೆನ್ನೆ ಬಂದಿದ್ದೋರು? ಅಷ್ಟು ಸಲಿಗೇಲಿ ನಿನ್ನ ಬೈತಿದ್ರು?"

"ನನ್ನ ಗೆಣತಿ ಕಣಮ್ಮಿ. ಚಿಕ್ಕಂದಿಂದ" ಅಂದೆ.

"ನಾನೀ ಊರಿಗೆ ಬಂದು ನಲವತ್ವರ್ಸ ಆಯ್ತು, ಒಂದಪನೂ ನೋಡಿಲ್ವಲ್ಲ ಅವ್ರನ್ನ. ಎಲ್ಲಿದ್ರು ಇಷ್ಟ್ ದಿನ? ಫಾರಿನ್‌ನಲ್ಲಿದ್ರಾ?"

"ಇಲ್ಲ. ನಂಜನಗೂಡಲ್ಲಿ."

"ನಂಜನಗೂಡಾ? ಇಲ್ಲೇ ಅಲ್ವಕ್ಕ ಅದು?"

ಹೂಂ, ಇಲ್ಲೇ, ಅಂದೆ.

ನಿನ್ನ
ಪುಟ್ಟ